ಬೆಂಕಿಯ ಖಬರು ಓದುವವರು

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ ನಗರದ ನೋತ್ರದಾಮ್ ಚರ್ಚಿನ ಮಾಡು ಹೊತ್ತಿ ಉರಿಯುವುದನ್ನು ಟಿ.ವಿ.ಯಲ್ಲಿ ನೋಡಿದವರು ನಮ್ಮಲ್ಲೂ ಬಹಳ ಮಂದಿ ಇದ್ದಾರೆ. ಅಲ್ಲಿಯ ಗಡಿಯಾರದಲ್ಲಿ ಎಂಟಕ್ಕೆ ಸ್ವಲ್ಪ ಮುಂಚೆ ಅದರ ನಡುಶಿಖರ ಓಲಾಡಿ ಮುರಿದು ಬಿತ್ತು. ಇಷ್ಟು ದೊಡ್ಡ ದೇಶ, ಇಷ್ಟು ಹೆಸರಾದ ಕಟ್ಟಡ, ಬೆಂಕಿ ಬಿದ್ದದ್ದು ಯಾರಿಗೂ ತಿಳಿಯಲಿಲ್ಲವೇ ಎಂದು ಆಗ ಕೇಳದವರಿಲ್ಲ. ತಿಳಿದಿತ್ತು. ಶಿಖರ ಬೀಳುವುದಕ್ಕೆ ಒಂದೂವರೆ ಗಂಟೆ ಮುಂಚೆಯೇ ಯಂತ್ರವೊಂದು ಅದನ್ನು ಬರೆದು ತೋರಿಸಿತ್ತು. ಆ ಬರಹವನ್ನು ಓದಿ ಅರ್ಥ ಮಾಡಿಕೊಳ್ಳುವುದರೊಳಗೆ ಅರ್ಧ ಗಂಟೆ ಕಳೆದುಹೋಯಿತು.

ನಾವು ಕಥೆ ಬರೆಯುವವರು. ಯಂತ್ರಗಳ ವಿದ್ಯೆ ನಮ್ಮ ಹೊಲವಲ್ಲ. ಆದರೆ ಬರೆದದ್ದು ಓದುವವನಿಗೆ ತಲುಪಲಿಲ್ಲ ಎಂದರೆ ದೋಷ ಎಲ್ಲಿದೆ ಎಂದು ಹುಡುಕುವುದು ನಮ್ಮ ಕಸುಬಿಗೆ ಸೇರಿದ ಮಾತು. ಆದ್ದರಿಂದ ಈ ಸಲ ಯಾವ ಸಂಕಲನವನ್ನೂ ಕೈಗೆತ್ತಿಕೊಳ್ಳದೆ ಆ ಒಂದು ಸಾಲನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಹಳೆಯ ಕಟ್ಟಡಗಳಿಗೆ ಬೆಂಕಿ ಪತ್ತೆ ಹಚ್ಚುವ ಯಂತ್ರ ಕೂರಿಸುವ ಕೆಲಸ ನಮ್ಮ ದೇಶದಲ್ಲೂ ನಡೆಯುತ್ತಿರುವಾಗ ಇದು ದೂರದ ಊರಿನ ಸಂಗತಿ ಎಂದು ತಳ್ಳಿಹಾಕುವಂತೆಯೂ ಇಲ್ಲ.

ಮೊದಲು ಸಾಲನ್ನು ಓದೋಣ. ಚರ್ಚಿನ ಪಕ್ಕದ ಸಣ್ಣ ಕೋಣೆಯೊಂದರಲ್ಲಿ ಬೆಂಕಿ ಎಚ್ಚರಿಕೆಯ ಫಲಕವಿತ್ತು. ಅದರ ಮುಂದೆ ಒಬ್ಬ ನೌಕರ ಕುಳಿತಿದ್ದ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಸಂಜೆಯ ನಿಮಿಷ ನಿಮಿಷವನ್ನೂ ಜೋಡಿಸಿ 2019ರ ಜುಲೈಯಲ್ಲಿ ಬರೆದ ವರದಿಯ ಪ್ರಕಾರ 6 ಗಂಟೆ 18 ನಿಮಿಷಕ್ಕೆ ಫಲಕದಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಬೆಂಕಿ ಎಂಬ ಪದ ಮೂಡಿತು. ಜೊತೆಗೆ ಬಂದ ಸ್ಥಳದ ಗುರುತನ್ನು ಕನ್ನಡಕ್ಕೆ ತಂದರೆ ಇಷ್ಟು: ಅಟ್ಟ ನಡುಮಂಟಪ ಸ್ಯಾಕ್ರಿಸ್ಟಿ. ಅದರ ಬೆನ್ನಿಗೆ ಝಡ್‌ಡಿಎ-110-3-15-1 ಎಂಬ ಅಕ್ಷರ ಅಂಕಿಗಳ ಸರಮಾಲೆ. ಆವರಣದಲ್ಲಿದ್ದ 160ಕ್ಕೂ ಹೆಚ್ಚು ಹೊಗೆ ಪತ್ತೆ ಸಾಧನ ಮತ್ತು ಎಚ್ಚರಿಕೆ ಗುಂಡಿಗಳಲ್ಲಿ ಒಂದರ ನಂಬರು ಅದು.

ಸ್ಯಾಕ್ರಿಸ್ಟಿ ಎಂದರೆ ಪಾದ್ರಿಗಳು ಪೂಜೆಯ ವಸ್ತ್ರ, ಪಾತ್ರೆಗಳನ್ನು ಇಡುವ ಕಟ್ಟಡ. ನೋತ್ರದಾಮ್‌ನಲ್ಲಿ ಅದು ಚರ್ಚಿಗೆ ಅಂಟಿಕೊಂಡಿದ್ದರೂ ಅದರ ಮಾಡು ಬೇರೆ, ಅಟ್ಟ ಬೇರೆ. ಈಗ ಆ ಮೂರು ಪದಗಳನ್ನು ಮತ್ತೊಮ್ಮೆ ನೋಡಿ. ಒಂದೇ ಉಸಿರಿನಲ್ಲಿ ಎರಡು ಕಟ್ಟಡಗಳ ಹೆಸರು. ಹೊಗೆ ಬಂದದ್ದು ನಡುಮಂಟಪದ ಅಟ್ಟದಿಂದಲೋ? ಸ್ಯಾಕ್ರಿಸ್ಟಿಯ ಅಟ್ಟದಿಂದಲೋ? ಸ್ಯಾಕ್ರಿಸ್ಟಿಯ ಕಡೆಗಿರುವ ನಡುಮಂಟಪದ ಅಟ್ಟದಿಂದಲೋ? ಕನ್ನಡ ಶಾಲೆಯ ಹುಡುಗನೂ ವಿಭಕ್ತಿ ಎಲ್ಲಿ ಎಂದು ಕೇಳುವಂಥ ಸಾಲು ಇದು. ಉರ್ದುವಿನಲ್ಲಾದರೆ ಎರಡು ಪದಗಳ ನಡುವೆ ಒಂದು ಇಝಾಫತ್ ಬಿದ್ದರೆ ಯಾವುದು ಯಾವುದಕ್ಕೆ ಸೇರಿದ್ದೆಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಒಂದು 'ದ' ಸಾಕು. ಎಂಟು ನೂರು ವರ್ಷದ ಕಟ್ಟಡದ ಮೇಲೆ ಕಣ್ಣಿಟ್ಟಿದ್ದ ಯಂತ್ರದ ಭಾಷೆಯಲ್ಲಿ ಆ ಒಂದಕ್ಷರ ಇರಲಿಲ್ಲ.

ನೌಕರ ವೈರ್‌ಲೆಸ್‌ನಲ್ಲಿ ಚರ್ಚಿನ ಒಳಗಿದ್ದ ಕಾವಲುಗಾರನಿಗೆ ಹೇಳಿದ. ಕಾವಲುಗಾರ ಸ್ಯಾಕ್ರಿಸ್ಟಿಯ ಅಟ್ಟ ಹತ್ತಿ ನೋಡಿದ. ಏನೂ ಇರಲಿಲ್ಲ. ಹೇಳಿದವನು ಸರಿಯಾಗಿಯೇ ಹೇಳಿದ್ದನೋ, ಕೇಳಿದವನು ತಪ್ಪಾಗಿ ಕೇಳಿಸಿಕೊಂಡನೋ ಎಂಬ ಬಗ್ಗೆ ಎರಡೂ ಕಡೆಯವರು ಆಮೇಲೆ ಬೇರೆ ಬೇರೆ ಮಾತಾಡಿದರು. ಕೊನೆಗೆ ಮೇಲಿನ ಅಧಿಕಾರಿಗೆ ಫೋನು ಹೋಗಿ, ಆತ ಸಂದೇಶವನ್ನು ಬಿಡಿಸಿ ಹೇಳಿ, ಕಾವಲುಗಾರ ಅಲ್ಲಿಂದ ಓಡಿ ಬಂದು, ಸುಮಾರು 300 ಕಿರಿದಾದ ಮೆಟ್ಟಿಲು ಹತ್ತಿ ದೊಡ್ಡ ಅಟ್ಟದ ಬಾಗಿಲು ತಲುಪುವಾಗ ಒಳಗೆ ಬೆಂಕಿ ಭುಗಿಲೆದ್ದಿತ್ತು. ಅಗ್ನಿಶಾಮಕ ದಳಕ್ಕೆ ಕರೆ ಹೋದದ್ದು 6.50ರ ಆಸುಪಾಸಿಗೆ. ಫಲಕ ತಾನಾಗಿ ದಳಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಡು ಇರಲಿಲ್ಲ. ಮೊದಲು ಮನುಷ್ಯನೊಬ್ಬ ಹೋಗಿ ಕಣ್ಣಾರೆ ಕಾಣಬೇಕು, ಆಮೇಲೆ ಕರೆ ಮಾಡಬೇಕು ಎಂಬುದು ನಿಯಮ.

ಇನ್ನು ಆ ನೌಕರನ ಮಾತು. ಅವನು ಅಲ್ಲಿ ಕೆಲಸಕ್ಕೆ ಸೇರಿ ಮೂರೇ ದಿನವಾಗಿತ್ತು. ಅವತ್ತು ಒಂದು ಪಾಳಿ ಮುಗಿಸಿ, ಬೆನ್ನಿಗೇ ಎರಡನೇ ಪಾಳಿಯಲ್ಲಿ ಕುಳಿತಿದ್ದ. ಕಂಪನಿಗಳ ಗೇಟಿನಲ್ಲಿ, ಬ್ಯಾಂಕುಗಳ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬದಲಿಗೆ ಬರಬೇಕಾದವನು ಬರಲಿಲ್ಲವೆಂದರೆ ಇದ್ದವನೇ ಮುಂದುವರಿಯಬೇಕು. ಹಾಗೆ ಕುಳಿತವನ ಕಣ್ಣ ಮುಂದೆ ಮೂಡಿದ್ದು ವಿಭಕ್ತಿಯಿಲ್ಲದ ಮೂರು ನಾಮಪದ, ಒಂದು ನಂಬರು.

ಬೆಂಕಿ ಆರಿದ ಮೇಲೆ ಜಗತ್ತಿನ ಪತ್ರಿಕೆಗಳಲ್ಲಿ ಓಡಾಡಿದ ಕಥೆ ಎಂದರೆ ಮನುಷ್ಯನ ತಪ್ಪು ಎಂಬುದು. ಯಂತ್ರ ಸರಿಯಿತ್ತು, ಮನುಷ್ಯ ಎಡವಿದ. ನಮಗೆ ಈ ಕಥೆಯ ಮೇಲೆ ತಕರಾರಿದೆ. ಆ ವ್ಯವಸ್ಥೆಯನ್ನು ರೂಪಿಸಲು ಹತ್ತಾರು ಪರಿಣತರು 6 ವರ್ಷ ದುಡಿದಿದ್ದರು. ನಕ್ಷೆ, ಪಟ್ಟಿ, ಕರಾರುಗಳೆಲ್ಲ ಸೇರಿ ಸಾವಿರಾರು ಪುಟಗಳ ಕಡತವಾಗಿತ್ತು. ಸಾವಿರಾರು ಪುಟ ಬರೆದವರಿಗೆ ಕೊನೆಯಲ್ಲಿ ಓದಬೇಕಾದ ಒಂದು ಸಾಲನ್ನು ಓದುವವನ ಕಡೆಯಿಂದ ನೋಡಿ ಬರೆಯಲು ಪುರುಸೊತ್ತಾಗಲಿಲ್ಲ. ಓದುಗನಿಗೆ ಅರ್ಥವಾಗದ ಕಥೆ ಬರೆದು ಓದುಗನನ್ನೇ ದಡ್ಡ ಎನ್ನುವ ಲೇಖಕರು ಕನ್ನಡದಲ್ಲೂ ಕೆಲವರಿದ್ದಾರೆ, ಉರ್ದುವಿನಲ್ಲೂ ಇದ್ದಾರೆ. ಅಂಥ ಕಥೆಯಿಂದ ಹೆಚ್ಚೆಂದರೆ ಪುಸ್ತಕ ಮಾರಾಟವಾಗದೆ ಉಳಿಯುತ್ತದೆ. ಇಲ್ಲಿ ಹೋದದ್ದು 13ನೇ ಶತಮಾನದ ಮರ.

ಅಂದಹಾಗೆ, ಸುದ್ದಿ ಓಡುವ ವೇಗದ ಬಗ್ಗೆ ಇನ್ನೊಂದು ಮಾತು. ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ಇದು ಮುಸ್ಲಿಮರ ಕೆಲಸ ಎಂಬ ಸುಳ್ಳು ಸಾಮಾಜಿಕ ಜಾಲತಾಣಗಳಲ್ಲಿ ಊರೂರು ಸುತ್ತಿ ಬಂದಿತ್ತು. ಅದನ್ನು ಓದಲು ಯಾರಿಗೂ ಅರ್ಧ ಗಂಟೆ ಬೇಕಾಗಲಿಲ್ಲ, ಯಾರೂ ಮೆಟ್ಟಿಲು ಹತ್ತಿ ಕಣ್ಣಾರೆ ಕಾಣಲೂ ಹೋಗಲಿಲ್ಲ. ಕಿಚ್ಚಿಟ್ಟದ್ದಕ್ಕೆ ಯಾವ ಸುಳಿವೂ ಸಿಕ್ಕಿಲ್ಲ, ಸಿಗರೇಟಿನ ತುಂಡೋ ವಿದ್ಯುತ್ತಿನ ದೋಷವೋ ಇರಬಹುದು ಎಂದು ಪ್ಯಾರಿಸ್ಸಿನ ಸರ್ಕಾರಿ ವಕೀಲರು 2019ರ ಜೂನ್‌ನಲ್ಲಿ ಹೇಳಿದರು. ಸುಳ್ಳು ಹಬ್ಬಿಸಿದವರಲ್ಲಿ ಎಷ್ಟು ಮಂದಿ ಅದನ್ನು ಓದಿದರೋ!

ಅಟ್ಟದ ವಿಷಯಕ್ಕೆ ಬರೋಣ. 1163ರಲ್ಲಿ ಕಟ್ಟಲು ತೊಡಗಿದ ಚರ್ಚು ಅದು. ಕಲ್ಲಿನ ಕಮಾನುಗಳ ಮೇಲೆ ನೂರು ಮೀಟರಿಗೂ ಉದ್ದದ ಮರದ ಚೌಕಟ್ಟು, ಅದರ ಮೇಲೆ ಸೀಸದ ತಗಡಿನ ಹೊದಿಕೆ. ಓಕ್ ಮರದ ತೊಲೆಗಳು ಅಷ್ಟು ದಟ್ಟವಾಗಿದ್ದವೆಂದರೆ ಆ ಅಟ್ಟಕ್ಕೆ ಅಲ್ಲಿಯವರು ಕಾಡು ಎಂದೇ ಹೆಸರಿಟ್ಟಿದ್ದರು. ಈ ಕಾಡಿನ ನಡುವೆ ಬೆಂಕಿ ತಡೆಯುವ ಗೋಡೆ ಕಟ್ಟಿರಲಿಲ್ಲ, ನೀರು ಚಿಮುಕಿಸುವ ಕೊಳವೆ ಎಳೆದಿರಲಿಲ್ಲ. ಹಣದ ಕೊರತೆಯಿಂದ ಬಿಟ್ಟದ್ದಲ್ಲ, ಯೋಚಿಸಿಯೇ ಬಿಟ್ಟದ್ದು. ಮಧ್ಯಯುಗದ ಬಡಗಿಗಳು ಜೋಡಿಸಿದ ಮರವನ್ನು ಹೇಗಿತ್ತೋ ಹಾಗೇ ಕಾಪಾಡಬೇಕು, ಗೋಡೆ ಕೊಳವೆಗಳಿಂದ ಅದರ ರೂಪ ಕೆಡಬಾರದು ಎಂಬುದು ವಾಸ್ತುಶಿಲ್ಪಿಗಳ ನಿಲುವು. ದಪ್ಪ ಓಕ್ ತೊಲೆ ನಿಧಾನವಾಗಿ ಉರಿಯುತ್ತದೆ, ಹೊಗೆ ಕಂಡೊಡನೆ ಮನುಷ್ಯ ಹೋಗಿ ನೋಡಿ ಕರೆ ಮಾಡಲು ಸಮಯವಿರುತ್ತದೆ ಎಂಬ ಲೆಕ್ಕ. ಹೀಗಾಗಿ ಇಡೀ ಭಾರ ಬಿದ್ದದ್ದು ಆ ಮೂರು ಪದಗಳ ಮೇಲೆ, ಆ ಮೂರು ದಿನದ ನೌಕರನ ಮೇಲೆ.

ಹಳೆಯದನ್ನು ಮುಟ್ಟಬಾರದು ಎಂಬ ಪ್ರೀತಿಯನ್ನು ನಾವು ಗೇಲಿ ಮಾಡುವುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರಿಗೆ ಆ ಸಂಕಟ ಗೊತ್ತಾಗುತ್ತದೆ. 1784ರ ತೇಗದ ಕಟ್ಟಡ. ಗೋಡೆಯ ಮೇಲೆ ಪೊಲ್ಲಿಲೂರಿನ ಕಾಳಗ, ಕುದುರೆ ಆನೆ ಪಲ್ಲಕ್ಕಿ. ತಲೆಯ ಮೇಲೆ ಬಣ್ಣದ ಹೂಬಳ್ಳಿ. ಅಂಥ ಜಾಗದಲ್ಲಿ ಹೊಗೆ ಪತ್ತೆಯ ಬಿಳಿ ಡಬ್ಬಿ ಸಿಕ್ಕಿಸಲು ಎಲ್ಲಿ ತೂತು ಕೊರೆಯುತ್ತೀರಿ? ತಂತಿಯನ್ನು ಯಾವ ಹೂವಿನ ಮೇಲೆ ಎಳೆಯುತ್ತೀರಿ? ಡ್ರಿಲ್ಲಿಂಗ್ ಯಂತ್ರ ಹಿಡಿದು ಬಂದ ಹುಡುಗನಿಗೆ ಗೋಡೆ ಗೋಡೆಯಷ್ಟೇ. ಸಾಲದ್ದಕ್ಕೆ, ಬೆಂಕಿ ಹಿಡಿಯಲೆಂದು ಎಳೆದ ತಂತಿಯೇ ಒಂದು ದಿನ ಬೆಂಕಿಗೆ ಕಾರಣವಾಗಬಹುದೆಂಬ ಭಯವೂ ಸುಳ್ಳಲ್ಲ.

ಈ ಸಂಕಟಕ್ಕೆ ದಾರಿಗಳು ಹುಟ್ಟಿವೆ. ಅವುಗಳಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ್ದು ಮೂಗಿನ ಹಾಗೆ ಉಸಿರೆಳೆಯುವ ಯಂತ್ರ. ಕೋಣೆಯಲ್ಲಿ ಡಬ್ಬಿ ಇರುವುದಿಲ್ಲ. ಚಾವಣಿಯ ಹಿಂದೆ ಸಣ್ಣ ಕೊಳವೆ ಹಾಯಿಸಿ, ಕಾಗೆಕಣ್ಣಿಗೂ ಕಾಣದಂಥ ತೂತುಗಳಿಂದ, ಕೆತ್ತನೆಯ ಹೂವಿನ ನಡುವಿನಿಂದಲೋ ಮರದ ಸಂದಿನಿಂದಲೋ, ಗಾಳಿಯನ್ನು ಸದಾ ಹೀರುತ್ತಿರುತ್ತಾರೆ. ದೂರದ ಪೆಟ್ಟಿಗೆಯೊಂದರಲ್ಲಿ ಆ ಗಾಳಿಯ ಮೇಲೆ ಬೆಳಕು ಬಿಟ್ಟು ನೋಡುತ್ತಾರೆ. ಹೊಗೆಯ ಕಣವಿದ್ದರೆ ಬೆಳಕು ಚೆದುರುತ್ತದೆ. ಮನುಷ್ಯನ ಕಣ್ಣಿಗೆ ಹೊಗೆ ಕಾಣುವ ಮುಂಚೆಯೇ ಪೆಟ್ಟಿಗೆಗೆ ಗೊತ್ತಾಗುತ್ತದೆ. ಇದರ ಹುಟ್ಟಿನ ಕಥೆಯೂ ಚೆನ್ನಾಗಿದೆ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾಡ್ಗಿಚ್ಚಿನ ಹೊಗೆ ಅಳೆಯಲು ಬಳಸುತ್ತಿದ್ದ ಉಪಕರಣವನ್ನು 1970ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬೆಂಕಿ ಪತ್ತೆಗೆ ಪರೀಕ್ಷಿಸಿ ನೋಡಿದ್ದರಿಂದ ಈ ಬಗೆಯ ಯಂತ್ರ ಬೆಳೆಯಿತು. ಕಾಡಿನ ಹೊಗೆ ಅಳೆಯುವ ಸಾಧನ ಕೊನೆಗೆ ತೊಲೆಗಳ ಕಾಡನ್ನು ಕಾಯಲು ಬಂತು.

ಎತ್ತರದ ಹಜಾರಗಳಿಗೆ ಇನ್ನೊಂದು ಬಗೆಯಿದೆ. ಒಂದು ಗೋಡೆಯಿಂದ ಎದುರು ಗೋಡೆಗೆ ಕಣ್ಣಿಗೆ ಕಾಣದ ಬೆಳಕಿನ ಕಿರಣ ಹಾಯಿಸುವುದು. ಹೊಗೆ ಅಡ್ಡ ಬಂದರೆ ಕಿರಣ ಮಂಕಾಗುತ್ತದೆ. ತಂತಿಯೇ ಬೇಡವೆಂದರೆ ಬ್ಯಾಟರಿಯ ರೇಡಿಯೋ ಸಾಧನಗಳಿವೆ, ಆದರೆ ಬ್ಯಾಟರಿ ಬದಲಿಸಲು ಏಣಿ ಹಾಕುವವನೊಬ್ಬ ಬೇಕು. ಎತ್ತರದ ಗುಮ್ಮಟಗಳಲ್ಲಿ ಮತ್ತೊಂದು ತೊಡಕು. ಬಿಸಿಲಿಗೆ ಕಾದ ಗಾಳಿ ಮೇಲೆ ಹೆಪ್ಪುಗಟ್ಟಿದಂತೆ ನಿಂತಿರುತ್ತದೆ, ಕೆಳಗಿನ ಸಣ್ಣ ಬೆಂಕಿಯ ಹೊಗೆ ಅದನ್ನು ದಾಟಿ ಮೇಲೇರಲಾರದೆ ನಡುವೆಯೇ ಹರಡಿಕೊಳ್ಳುತ್ತದೆ. ಮೇಲೆ ಕೂರಿಸಿದ ಯಂತ್ರ ಸುಮ್ಮನಿರುತ್ತದೆ. ಕಟ್ಟಡದ ಗುಣ ತಿಳಿಯದೆ ಅಂಗಡಿಯ ಪಟ್ಟಿ ನೋಡಿ ಕೂರಿಸಿದರೆ ಆಗುವುದು ಹೀಗೆ.

ಯಂತ್ರವೇ ಬೇಡವೆಂಬುದು ನಮ್ಮ ವಾದವೆಂದು ಯಾರೂ ತಿಳಿಯಬಾರದು. ಯಂತ್ರ ಬರುವ ಮುಂಚೆಯೇ ಬೆಂಕಿ ಬಂದರೆ ಏನಾಗುತ್ತದೆಂದು ಬ್ರೆಝಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೋರಿಸಿದೆ. ಹಳೆಯ ಅರಮನೆಯಲ್ಲಿದ್ದ, ಸುಮಾರು 2 ಕೋಟಿ ವಸ್ತುಗಳ ಆ ಸಂಗ್ರಹಕ್ಕೆ ಬೆಂಕಿ ಸುರಕ್ಷೆಯೂ ಸೇರಿದ ದುರಸ್ತಿಗೆಂದು 2018ರ ಜೂನ್‌ನಲ್ಲಿ ಹಣದ ಒಪ್ಪಂದವಾಗಿತ್ತು. ಸೆಪ್ಟೆಂಬರ್ 2ರ ರಾತ್ರಿ ಕಟ್ಟಡ ಉರಿಯಿತು. ಹತ್ತಿರದ ನಲ್ಲಿಗಳಲ್ಲಿ ಬೇಕಾದಷ್ಟು ನೀರೂ ಬರಲಿಲ್ಲ. ಇಂಥದ್ದಕ್ಕೆ ವಿಮರ್ಶೆ ಬೇಕಿಲ್ಲ, ಅಲ್ಲಿ ಓದಲು ಸಾಲೇ ಇರಲಿಲ್ಲ. ಯಂತ್ರ ಇದ್ದೂ ಕೆಟ್ಟದ್ದು ಏಕೆ ಎಂಬುದು ಕಷ್ಟದ ಪ್ರಶ್ನೆ.

ಖಬರ್‌ದಾರ್ ಎಂಬ ಮಾತು ಕನ್ನಡದಲ್ಲೂ ಇದೆ. ಮೇಷ್ಟರು ಬೆತ್ತ ಎತ್ತಿ ಖಬರ್ದಾರ್ ಎಂದರೆ ಕೈ ತಾನಾಗಿ ಹಿಂದೆ ಹೋಗುತ್ತಿತ್ತು. ಆ ಪದವನ್ನು ಬಿಡಿಸಿದರೆ ಖಬರು ಉಳ್ಳವನು ಎಂದರ್ಥ. ಎಚ್ಚರವೆಂದರೆ ಸುದ್ದಿ ಮುಟ್ಟುವುದಷ್ಟೇ ಅಲ್ಲ, ಅದು ಒಬ್ಬ ಮನುಷ್ಯನ ಕೈಗೆ ಸೇರಿ ಅವನದಾಗುವುದು ಎಂಬ ತಿಳಿವಳಿಕೆ ಆ ಪದದೊಳಗೇ ಇದೆ. ಫಲಕದಲ್ಲಿ ಖಬರು ಇತ್ತು. ಖಬರ್‌ದಾರ್ ಆಗಬೇಕಾದವನನ್ನು ಯಾರೂ ತಯಾರು ಮಾಡಿರಲಿಲ್ಲ.

ನಮ್ಮ ಕಡೆಯ ಒಂದು ಹಳೆಯ ಕಟ್ಟಡದ ಮಾತು ಹೇಳುತ್ತೇವೆ. ಊರು, ಹೆಸರು ಬೇಡ. ಮರದ ಅಟ್ಟವಿರುವ, ಪುಸ್ತಕಗಳನ್ನಿಟ್ಟಿರುವ ಕಟ್ಟಡ. ಬಾಗಿಲ ಬಳಿ ಬೆಂಕಿ ಎಚ್ಚರಿಕೆಯ ಫಲಕವಿದೆ, ಅದರಲ್ಲೊಂದು ಹಳದಿ ದೀಪ ಉರಿಯುತ್ತಲೇ ಇತ್ತು. ಅದೇನೆಂದು ಅಲ್ಲಿಯ ರಾತ್ರಿ ಕಾವಲುಗಾರರನ್ನು ಕೇಳಿದೆವು. ಅರವತ್ತು ದಾಟಿದವರು.

"ಅದಾ ಸಾರ್, ಸುಮ್ ಸುಮ್ನೆ ಕೂಗ್ತಿತ್ತು. ಮಳೆ ಬಂದ್ರೆ ಕೂಗೋದು, ಧೂಳು ಹೊಡೆದ್ರೆ ಕೂಗೋದು. ಓದೋರಿಗೆ ತೊಂದ್ರೆ ಅಂತ ಬಾಯಿ ಮುಚ್ಸಿದಾರೆ."

"ನಿಜವಾಗಿ ಬೆಂಕಿ ಬಿದ್ದರೆ?"

"ನಂಗೆ ಮೂಗಿದೆಯಲ್ಲ ಸಾರ್."

ಫಲಕದಲ್ಲಿ ಇಂಗ್ಲಿಷಿನಲ್ಲಿ ಝೋನ್ 1, ಝೋನ್ 2 ಎಂದು 6ರವರೆಗೆ ಬರೆದಿತ್ತು. ಝೋನ್ 4 ಎಲ್ಲಿ ಎಂದು ಕೇಳಿದೆವು. ಅವರಿಗೆ ಗೊತ್ತಿರಲಿಲ್ಲ. ಹಗಲು ಪಾಳಿಯವರಿಗೂ ಗೊತ್ತಿರಲಿಲ್ಲ. ಆದರೆ ಆ ಕಟ್ಟಡದ ಮೂಲೆ ಮೂಲೆಗೂ ಕಾವಲುಗಾರರ ಬಳಿ ಹೆಸರಿತ್ತು: ಪಾರಿವಾಳದ ಅಟ್ಟ, ಸೋರುವ ಕೋಣೆ, ದೊರೆ ಮೆಟ್ಟಿಲು, ಹಳೇ ಪೇಪರ್ ಗೂಡು. ಈ ನಾಲ್ಕರಲ್ಲಿ ಯಾವ ಹೆಸರು ಹೇಳಿದರೂ ಅವರು ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಹೋಗಿ ನಿಲ್ಲುತ್ತಿದ್ದರು. ಯಂತ್ರ ಕೂರಿಸಿದ ಗುತ್ತಿಗೆದಾರ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಆ ಸಾಲನ್ನು ಓದಬೇಕಾದವರು ಅವರೇ ಎಂಬುದು ಗುತ್ತಿಗೆದಾರನಿಗೂ, ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿಗೂ ಹೊಳೆದಂತಿಲ್ಲ.

ಬಾಯಿ ಮುಚ್ಚಿಸುವ ಈ ರೋಗಕ್ಕೆ ಕಾವಲುಗಾರರನ್ನು ದೂರಿ ಫಲವಿಲ್ಲ. ಹಳೆಯ ಕಟ್ಟಡದಲ್ಲಿ ಧೂಳು, ಬಾವಲಿ, ಜೇಡ, ತೇವ ಎಲ್ಲ ಇರುತ್ತವೆ. ದರ್ಗಾಗಳಲ್ಲಿ ಗುರುವಾರ ಸಂಜೆ ಲೋಬಾನದ ಹೊಗೆ, ದೇವಸ್ಥಾನಗಳಲ್ಲಿ ಕರ್ಪೂರ, ಚರ್ಚಿನಲ್ಲಿ ಧೂಪ. ಬಡ ಯಂತ್ರಕ್ಕೆ ಲೋಬಾನವೂ ಒಂದೇ, ಕಾರ್ಪೆಟ್ಟು ಸುಟ್ಟ ಹೊಗೆಯೂ ಒಂದೇ. ಹತ್ತು ಸಲ ಸುಳ್ಳು ಕೂಗಿದರೆ ಹನ್ನೊಂದನೆಯದನ್ನು ಯಾರು ನಂಬುತ್ತಾರೆ? ಉಪಾಯವಿಲ್ಲದಿಲ್ಲ. ಹಗಲಿಗೊಂದು, ರಾತ್ರಿಗೊಂದು ಎಂದು ಸೂಕ್ಷ್ಮತೆಯನ್ನು ಬೇರೆ ಮಾಡಬಹುದು, ಎರಡು ಸಾಧನಗಳೂ ಒಪ್ಪಿದರೆ ಮಾತ್ರ ಕೂಗುವಂತೆ ಮಾಡಬಹುದು, ಹೊಗೆಯ ಬದಲು ಶಾಖ ಅಳೆಯುವ ಸಾಧನ ಇಡಬಹುದು. ಆದರೆ ಅದಕ್ಕೆ ಯಂತ್ರ ಕೂರಿಸುವವನು ಒಂದು ಗುರುವಾರ ಸಂಜೆ ಬಂದು ದರ್ಗಾದಲ್ಲಿ ಕುಳಿತು ನೋಡಬೇಕು. ಖಾಲಿ ಕಟ್ಟಡದ ನಕ್ಷೆಯಲ್ಲಿ ಲೋಬಾನ ಕಾಣುವುದಿಲ್ಲ.

ಶ್ರೀನಗರದ ಖಾನ್ಯಾರಿನ ದಸ್ತಗೀರ್ ಸಾಹೇಬ್ ದರ್ಗಾ 2012ರ ಜೂನ್ 25ರ ಬೆಳಿಗ್ಗೆ ಸುಟ್ಟುಹೋಯಿತು. ಇನ್ನೂರು ವರ್ಷ ಹಳೆಯದು, ಮರ ಮತ್ತು ಬಣ್ಣ ಬಳಿದ ಕಾಗದದ ತಿರುಳಿನ ಕುಸುರಿಯದು. ಬೀದಿಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಅಗ್ನಿಶಾಮಕ ವಾಹನ ತಡವಾಗಿ ಬಂತೆಂದು ಜನ ಸಿಟ್ಟಿಗೆದ್ದು ಕಲ್ಲು ತೂರಿದರು. ಪವಿತ್ರ ಅವಶೇಷಗಳು ಮಾತ್ರ ಸುರಕ್ಷಿತವಾಗಿ ಉಳಿದವು, ಏಕೆಂದರೆ ಅವುಗಳನ್ನು ಬೆಂಕಿ ತಟ್ಟದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಮಗೆ ಈ ವಿವರ ಬಹಳ ಕಾಡುತ್ತದೆ. ಬೆಂಕಿ ಬರಬಹುದೆಂದು ಯಾರಿಗೋ ಗೊತ್ತಿತ್ತು. ಗೊತ್ತಿದ್ದವರು ಪೆಟ್ಟಿಗೆಯ ತನಕ ಯೋಚಿಸಿದರು. ಪೆಟ್ಟಿಗೆಯ ಸುತ್ತ ಇದ್ದ, ಹೆಸರಿಲ್ಲದ ಬಡಗಿಗಳೂ ಚಿತ್ರಗಾರರೂ ಮಾಡಿಟ್ಟ ಮರದ ಕುಸುರಿ, ಬಣ್ಣದ ಗೋಡೆ ಆ ಯೋಚನೆಯೊಳಗೆ ಬರಲಿಲ್ಲ. ದರ್ಗಾವನ್ನು ಮತ್ತೆ ಕಟ್ಟಿದ್ದಾರೆ. ಸುಟ್ಟ ಕುಸುರಿಯನ್ನು ಮಾಡಿದ ಕೈಗಳು ಮತ್ತೆ ಬರಲಿಲ್ಲ.

ಮೈಸೂರಿನವರು 1897ರಲ್ಲಿ ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡರು. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮರದ ಅರಮನೆ ಉರಿದುಹೋಯಿತು. ಹೆನ್ರಿ ಇರ್ವಿನ್ ಕಟ್ಟಿ 1912ಕ್ಕೆ ಮುಗಿಸಿದ ಹೊಸ ಅರಮನೆಗೆ ಕಲ್ಲು, ಇಟ್ಟಿಗೆ, ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬ. ಸುಡುವ ವಸ್ತುವನ್ನೇ ಆದಷ್ಟು ದೂರವಿಡುವುದು ಒಂದು ಜಾಣತನವೇ. ಆದರೆ ಅದು ಹಳೆಯದು ಸುಟ್ಟ ಮೇಲಿನ ಜಾಣತನ. ನಿಂತಿರುವ ಹಳೆಯ ಕಟ್ಟಡಕ್ಕೆ ಆ ದಾರಿಯಿಲ್ಲ.

ಇನ್ನೊಂದು ತೊಡಕು ಯಜಮಾನಿಕೆಯದು. 1905ರ ಕಾನೂನಿನ ಕಾಲದಿಂದ ನೋತ್ರದಾಮ್ ಕಟ್ಟಡ ಸರ್ಕಾರದ್ದು, ಅದರಲ್ಲಿ ಪೂಜೆ ಮಾಡುವವರು ಚರ್ಚಿನವರು. ಫಲಕದ ಮುಂದೆ ಕೂರುವವನು ಗುತ್ತಿಗೆ ಕಂಪನಿಯವನು, ಮೆಟ್ಟಿಲು ಹತ್ತುವವನು ಚರ್ಚಿನ ಸಂಬಳದವನು. ನಮ್ಮ ಹಳೆಯ ಮಸೀದಿ, ದರ್ಗಾ, ದೇವಸ್ಥಾನಗಳಲ್ಲಿ ಇದಕ್ಕಿಂತ ಹೆಚ್ಚು ಕೈಗಳಿವೆ. ಕಟ್ಟಡ ಪುರಾತತ್ವ ಇಲಾಖೆಯದು, ಆಸ್ತಿ ವಕ್ಫ್ ಮಂಡಳಿಯದು ಅಥವಾ ಮುಜರಾಯಿಯದು, ಬೀಗದ ಕೈ ಮುತವಲ್ಲಿಯದು ಅಥವಾ ಅರ್ಚಕರದು, ಉರೂಸಿನ ಸೀರಿಯಲ್ ಸೆಟ್ಟು ಪೆಂಡಾಲಿನವನದು. ಆ ಸೆಟ್ಟಿಗೆ ಕರೆಂಟು ಎಲ್ಲಿಂದ ಎಳೆದಿದ್ದಾರೆಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಮುಖ ನೋಡುತ್ತಾರೆ. ಇಂಥಲ್ಲಿ ಯಂತ್ರ ಕೂಗಿದರೆ ಯಾರನ್ನು ಕುರಿತು ಕೂಗಬೇಕು?

ಜಪಾನಿನವರು ಇದನ್ನು ಯಂತ್ರಕ್ಕೆ ಮಾತ್ರ ಬಿಡಲಿಲ್ಲ. 1949ರ ಜನವರಿ 26ರಂದು ನಾರಾ ಬಳಿಯ ಹೊರ್ಯೂಜಿ ದೇವಾಲಯದಲ್ಲಿ ಬೆಂಕಿ ಬಿದ್ದು ಪ್ರಾಚೀನ ಭಿತ್ತಿಚಿತ್ರಗಳು ಹಾಳಾದವು. ಮರುವರ್ಷವೇ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಗೆ ಕಾನೂನು ತಂದರು. 1955ರಿಂದ ಜನವರಿ 26ನ್ನು ಹಳೆಯ ಕಟ್ಟಡಗಳ ಬೆಂಕಿ ಸುರಕ್ಷೆಯ ದಿನವಾಗಿ ಆಚರಿಸುತ್ತಾರೆ. ಅವತ್ತು ದೇಶದುದ್ದಕ್ಕೂ ದೇವಾಲಯಗಳಲ್ಲಿ ಬೆಂಕಿ ಬಿದ್ದಂತೆ ನಟಿಸಿ, ನೀರು ಹಾರಿಸಿ ತಾಲೀಮು ನಡೆಸುತ್ತಾರೆ. ನಮ್ಮ ಮೊಹರಂ ಅಲಾವೆಯ ಸುತ್ತ ಹುಡುಗರು ತಾಲೀಮು ಮಾಡುತ್ತಿದ್ದದ್ದನ್ನು ಕಂಡವರಿಗೆ ಗೊತ್ತು, ವರ್ಷಕ್ಕೊಮ್ಮೆ ಮಾಡಿದ್ದನ್ನು ದೇಹ ಮರೆಯುವುದಿಲ್ಲ. ಯಾವ ಮೆಟ್ಟಿಲು, ಯಾವ ಬಾಗಿಲು, ಯಾರ ಕೈಯಲ್ಲಿ ಬೀಗ ಎಂಬುದು ಕಾಲಿಗೆ ಅಭ್ಯಾಸವಾಗುತ್ತದೆ.

ನೋತ್ರದಾಮ್ 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಸುಮಾರು 2,000 ಓಕ್ ಮರಗಳನ್ನು ಕಡಿದು, ಹಳೆಯ ಬಡಗಿಗಳ ಮಾದರಿಯಲ್ಲೇ ಕೊಡಲಿಯಿಂದ ಕೆತ್ತಿ, ಅಟ್ಟವನ್ನು ಹಳೆಯ ರೂಪದಲ್ಲಿ ನಿಲ್ಲಿಸಿದರು. ಈ ಸಲ ಅಟ್ಟದಲ್ಲಿ ಬೆಂಕಿ ತಡೆಯುವ ವಿಭಾಗಗಳಿವೆ, ಮಂಜಿನಂತೆ ನೀರು ಸಿಂಪಡಿಸುವ ಕೊಳವೆಗಳಿವೆ, ಗಾಳಿ ಹೀರುವ ಯಂತ್ರವಿದೆ, ಶಾಖ ಗುರುತಿಸುವ ಕ್ಯಾಮೆರಾಗಳಿವೆ. ರೂಪ ಕೆಡುತ್ತದೆಂದು ಬೇಡವಾಗಿದ್ದದ್ದೆಲ್ಲ ಸುಟ್ಟ ಮೇಲೆ ಬೇಕಾಯಿತು, ರೂಪವೂ ಕೆಟ್ಟಿಲ್ಲ. ಹಾಗಾದರೆ 2019ರ ಮುಂಚೆ ಅದು ಆಗದ ಕೆಲಸ ಎಂದದ್ದು ಏಕೆ ಎಂದು ಕೇಳುವ ಹಕ್ಕು ಸುಟ್ಟ ಆ ಕಾಡಿನ ಪರವಾಗಿ ನಮಗೂ ಇದೆ.

ನಮ್ಮ ರಾಜ್ಯದಲ್ಲಿ ಹಳೆಯ ಕಟ್ಟಡಗಳಿಗೆ ಇಂಥ ಯಂತ್ರ ತರಿಸುವವರು ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ. ಯಂತ್ರ ಕೂರಿಸಿದ ಮೇಲೆ ಒಂದು ರಾತ್ರಿ, ಮುಂಚಿತವಾಗಿ ಹೇಳದೆ, ಅಟ್ಟದ ಯಾವುದೋ ಮೂಲೆಯಲ್ಲಿ ಹೊಗೆ ಎಬ್ಬಿಸಬೇಕು. ಫಲಕದಲ್ಲಿ ಬಂದ ಸಾಲನ್ನು ಆ ರಾತ್ರಿ ಪಾಳಿಯವನು ಕನ್ನಡದಲ್ಲಿ, ಬೇಕಾದರೆ ಉರ್ದುವಿನಲ್ಲಿ, ತಾನು ಆ ಜಾಗಕ್ಕೆ ಕರೆಯುವ ಹೆಸರಿನಲ್ಲೇ ಓದಬೇಕು. ಯಾರನ್ನೂ ಕೇಳದೆ ಆ ಮೂಲೆಗೆ ಹೋಗಿ ನಿಲ್ಲಬೇಕು. ಅಧಿಕಾರಿ ಕೆಳಗೆ ಗಡಿಯಾರ ಹಿಡಿದು ನಿಂತಿರಲಿ. ಕಾವಲುಗಾರ ಬೇರೆ ಅಟ್ಟಕ್ಕೆ ಹೋದರೆ ಗುತ್ತಿಗೆದಾರನ ಬಿಲ್ಲು ಪಾಸಾಗಬಾರದು.